ಇದೇನು ಗುಂಡ್ಲುಪೇಟೆ ಬಸ್ಸಾ?

ತುಂಬಾ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ ಒಂದು ಕಾರಣ, ಸೋಮಾರಿತನ ಇನ್ನೊಂದು. ಎರಡನೆಯದ್ದೇ ಜಾಸ್ತಿ ಅಂತ ಬೇರೆ ಹೇಳಬೇಕಿಲ್ಲ :) ಇವತ್ತು ಮಾತ್ರ ಬರೆಯದೇ ಇರೋಕೆ ಆಗ್ತಿಲ್ಲ. ಕೋಪ ಬಂದಿದೆ. ಅರ್ಧ ಬೇರೆಯವರ ಮೇಲೆ, ಅರ್ಧ ನನ್ನ ಮೇಲೆ.

ಮೊನ್ನೆ ಗೆಳೆಯರೊಬ್ಬರು "ಓದಿ, ಸಖತ್ ನಗು ಬರುತ್ತೆ" ಅಂತ ಒಂದು ಬರಹ ಕಳಿಸಿದ್ರು. ಮೊದಲ ಸಲ ವಿಮಾನ ಹತ್ತಿದ ಹಳ್ಳಿಯವರ ಬಗ್ಗೆ. ಕಿಟಕಿ ತೆಗೆಯೋಕೆ ಹೋದ್ರಂತೆ, ಟಿಫಿನ್ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದ್ರಂತೆ, ಗಗನಸಖಿಯನ್ನ "ಏನಮ್ಮಾ" ಅಂತ ಕರೆದ್ರಂತೆ. ಕೊನೆಯ ಸಾಲು ಮಾಮೂಲಿ: ವಿಮಾನವನ್ನೂ ಬಸ್ ಮಾಡಿಬಿಟ್ರು ನಮ್ಮ ಜನ! ಕೆಳಗೆ "ಸೂಪರ್", "ನಕ್ಕು ನಕ್ಕು ಸಾಕಾಯ್ತು" ಅಂತ ಸಾಲು ಸಾಲು ಮೆಚ್ಚುಗೆ. ಇಂಥದ್ದನ್ನ ನಾವೆಲ್ಲ ಓದಿದ್ದೀವಿ, ಸುಮಾರು ಜನ ಬರೆದೂ ಇದ್ದೀವಿ. ನಾನೂ ಒಂದು ಕಾಲದಲ್ಲಿ ಬರೆದಿದ್ದೆ. ಈ ಸಲ ನಗು ಬರಲಿಲ್ಲ. ಯಾಕೆ ಅಂತ ಹೇಳ್ತೀನಿ ಕೇಳಿ.

ಹೋದ ಚಳಿಗಾಲದಲ್ಲಿ ನಮ್ಮವ್ವನ್ನ ಮೊದಲ ಬಾರಿಗೆ ವಿಮಾನ ಹತ್ತಿಸಿದೆ. ಬೆಂಗಳೂರಿಂದ ದೆಹಲಿಗೆ. ತಂಗಿ ಅಲ್ಲಿದ್ದಾಳೆ, ಮೊದಲ ಹೆರಿಗೆ. ಅವ್ವ ಇರೋದು ತೆರಕಣಾಂಬಿ ಹತ್ತಿರದ ಹಳ್ಳಿಯಲ್ಲಿ, ಗುಂಡ್ಲುಪೇಟೆ ತಾಲೂಕು. ಅವಳ ಪಾಲಿಗೆ ಪ್ರಯಾಣ ಅಂದ್ರೆ ಚಾಮರಾಜನಗರ ಇಲ್ಲಾ ಗುಂಡ್ಲುಪೇಟೆಗೆ ಹೋಗೋ ಕೆಂಪು ಬಸ್. ವರ್ಷಕ್ಕೊಂದ್ಸಲ ಮಾದಪ್ಪನ ಬೆಟ್ಟ. ನಮ್ಮ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ, ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತೆ ಅಂತ ಮುಖ್ಯಮಂತ್ರಿಗಳೇ ಬರೋಕೆ ಹೆದರ್ತಿದ್ದ ಊರು ನಮ್ಮದು. ಗುಂಡ್ಲುಪೇಟೆಗೆ ಇವತ್ತಿಗೂ ರೈಲಿಲ್ಲ. ವಿಮಾನದ ಮಾತು ಬಿಡಿ.

ಸೀಟು ಆರಿಸಿಕೊಳ್ಳೋಕೆ ಬೇರೆ ದುಡ್ಡು ಕೇಳ್ತಾರಲ್ಲ, ಅದನ್ನ ಉಳಿಸೋಕೆ ಹೋಗಿ ನಮ್ಮಿಬ್ಬರಿಗೂ ಅಕ್ಕಪಕ್ಕ ಸೀಟು ಸಿಗಲಿಲ್ಲ. ನಡುದಾರಿಯ ಈ ಬದಿ ನಾನು, ಆ ಬದಿ ಅವ್ವ. ಅವಳ ಪಕ್ಕ, ನಡುವಿನ ಸೀಟಲ್ಲಿ ಒಬ್ಬ ಮಹಾಶಯ. ನಲವತ್ತರ ಆಸುಪಾಸು, ಒಳ್ಳೇ ಶರ್ಟು, ಕಿವಿಗೆ ಇಯರ್‌ಫೋನು, ಕನ್ನಡದವನೇ. ಅವ್ವ ಬೆಲ್ಟ್ ಹಾಕಿಸಿಕೊಂಡು, ಕೈಚೀಲದಿಂದ ಕೋಡುಬಳೆ ತೆಗೆದು ಮೊದಲು ಅವನಿಗೆ ಚಾಚಿದಳು.

"ತಗಳಪ್ಪ, ಮನೇಲಿ ಮಾಡಿದ್ದು ಕನ."

ಅವನು ಬೇಡ ಅಂತ ಕೈಯಾಡಿಸಿದ. "ನಿಮ್ಮೂರು ಯಾವ್ದಪ್ಪ?" ಅಂದ್ಲು. ಅದಕ್ಕೂ ಸರಿಯಾಗಿ ಉತ್ತರ ಬರಲಿಲ್ಲ. "ನಮ್ದು ಗುಂಡ್ಲುಪೇಟೆ ತಾವ" ಅಂತ ತಾನೇ ಹೇಳಿ ಸುಮ್ಮನಾದಳು. ಈ ಭಾಗ ನೆನಪಿಟ್ಟುಕೊಳ್ಳಿ.

ಹೊರಡೋ ಮುಂಚೆ ನಾನು ಅವಳಿಗೆ ತಲೆ ಮೇಲಿನ ಬೆಲ್ಟ್ ದೀಪ ತೋರಿಸಿ ಹೇಳಿದ್ದೆ. "ಅವ್ವ, ಆ ದೀಪ ಆರೋವರ್ಗೂ ಏಳ್ಬಾರ್ದು. ಇಳಿದ ಮೇಲೂ ಅಷ್ಟೇ."

ಎರಡೂವರೆ ಗಂಟೆ ಅವಳು ಆ ದೀಪವನ್ನ ನೋಡ್ತಾ ಕೂತಿದ್ದಳು.

ದೆಹಲಿಯಲ್ಲಿ ಚಕ್ರ ನೆಲ ಮುಟ್ಟಿತು. ಆಮೇಲೆ ಏನಾಗುತ್ತೆ ಅಂತ ವಿಮಾನ ಹತ್ತಿದವರಿಗೆಲ್ಲ ಗೊತ್ತು. ವಿಮಾನ ಇನ್ನೂ ಓಡ್ತಾ ಇದೆ, ಟಕ್ ಟಕ್ ಟಕ್ ಅಂತ ಬೆಲ್ಟು ಬಿಚ್ಚೋ ಸದ್ದು. ನಿಲ್ಲೋ ಮುಂಚೆಯೇ ಅರ್ಧ ಜನ ಎದ್ದು ನಿಂತು ಮೇಲಿನ ಗೂಡಿಂದ ಬ್ಯಾಗು ಎಳೀತಿದ್ದಾರೆ. ಗಗನಸಖಿ ಮೈಕಿನಲ್ಲಿ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಬೇಡಿಕೊಳ್ತಿದ್ದಾಳೆ. ಆ ಎರಡೂ ಭಾಷೆ ಬರದ ಒಬ್ಬ ಹೆಂಗಸು ಮಾತ್ರ ಅವಳ ಮಾತು ಪಾಲಿಸ್ತಾ ಕೂತಿದ್ದಾಳೆ. ನಮ್ಮವ್ವ.

ನಡುವಿನ ಸೀಟಿನವನಿಗೆ ದಾರಿ ಇಲ್ಲ. ಎದ್ದು ಸೊಂಟ ಬಗ್ಗಿಸಿಕೊಂಡು ನಿಂತಿದ್ದ. ಒಂದು ನಿಮಿಷ ನೋಡಿದ. ಆಮೇಲೆ ಸುತ್ತಲಿನವರಿಗೆಲ್ಲ ಕೇಳೋ ಹಾಗೆ ಹೇಳಿದ:

"ಏಳ್ರೀ ಅಮ್ಮ. ಇದೇನು ನಿಮ್ಮ ಗುಂಡ್ಲುಪೇಟೆ ಬಸ್ಸಾ, ಕಂಡಕ್ಟರ್ ಬಂದು ಏಳಿಸೋವರೆಗೂ ಕೂತಿರೋಕೆ?"

ಇಬ್ಬರು ಮೂವರು ನಕ್ಕರು. ಅವ್ವ ದೀಪದ ಕಡೆ ನೋಡಿದಳು. ಅದಿನ್ನೂ ಉರೀತಿತ್ತು. ಆಮೇಲೆ ನನ್ನ ಕಡೆ ನೋಡಿದಳು.

ನಾನು ಎಲ್ಲಿದ್ದೆ? ನಡುದಾರಿಯಲ್ಲಿ ನಿಂತಿದ್ದೆ ಸ್ವಾಮೀ. ಬ್ಯಾಗು ಹೆಗಲಿಗೆ ಹಾಕ್ಕೊಂಡು, ಎಲ್ಲರ ಹಾಗೆ. ಅವನಿಗೆ ನಾಲ್ಕು ಮಾತು ಹೇಳೋದು ಬಿಟ್ಟು ಅವ್ವನಿಗೆ ಹೇಳಿದೆ, "ಏಳವ್ವ, ಹೊತ್ತಾಯ್ತದೆ."

ಅವಳಿಗೆ ಬೆಲ್ಟು ಬಿಚ್ಚೋಕೆ ಬರಲಿಲ್ಲ. ಕೈ ನಡುಗ್ತಿತ್ತು. ನಾನೇ ಬಗ್ಗಿ ಬಿಚ್ಚಿದೆ. ಎದ್ದು ನಿಂತಳು. ಬಾಗಿಲು ತೆರೆದಿದ್ದು ಅದಾಗಿ ಹತ್ತು ನಿಮಿಷದ ಮೇಲೆ. ಅಷ್ಟು ಹೊತ್ತೂ ಎಲ್ಲರೂ ಒಬ್ಬರ ಬೆನ್ನಿಗೊಬ್ಬರು ಉಸಿರು ಬಿಡ್ತಾ ನಿಂತಿದ್ವಿ. ಆಮೇಲೆ ಲಗೇಜ್ ಬೆಲ್ಟ್ ಹತ್ತಿರ ನೋಡಿದ್ರೆ ಆ ಮಹಾಶಯನೂ ನಮ್ಮ ಪಕ್ಕದಲ್ಲೇ, ಬಾರದ ಪೆಟ್ಟಿಗೆಗೆ ಕಾಯ್ತಾ ನಿಂತಿದ್ದ. ಅಷ್ಟು ಅರ್ಜೆಂಟು!

ಸರಿ, ಕಥೆ ಮುಗೀತು. ಈಗ ಜಗಳಕ್ಕೆ ಬರ್ತೀನಿ.

ಈ "ಇದೇನು ಬಸ್ಸಾ?" ಅನ್ನೋ ಬೈಗುಳ ಇದೆಯಲ್ಲ, ಇದರ ಮೇಲೆ ನನ್ನ ತಕರಾರು. ಇದೇನು ಇವತ್ತಿನದಲ್ಲ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ 'ಕಾಮನ್ ಮ್ಯಾನ್' ಅನ್ನೇ ಅದರ ಗುರುತು ಮಾಡಿಕೊಂಡು, ಒಂದು ರೂಪಾಯಿಗೂ ಟಿಕೆಟ್ ಮಾರಿದಾಗ ಮೂಗು ಮುರಿದವರು ಎಷ್ಟು ಜನ ಇರಲಿಲ್ಲ! ಚೌಕಳಿ ಕೋಟಿನ ಆ ಮುದುಕಪ್ಪ ಚಿತ್ರದಲ್ಲಿ ಇದ್ದರೆ ಚೆಂದ, ಪಕ್ಕದ ಸೀಟಿಗೆ ಬಂದು ಕೂತರೆ ಕಷ್ಟ. 2009ರಲ್ಲಿ ಕೇಂದ್ರದ ಮಂತ್ರಿಯಾಗಿದ್ದ ಶಶಿ ತರೂರ್ ಟ್ವಿಟರ್‌ನಲ್ಲಿ ಎಕಾನಮಿ ದರ್ಜೆಯನ್ನ 'ಕ್ಯಾಟಲ್ ಕ್ಲಾಸ್' ಅಂದು, ದೊಡ್ಡ ಗಲಾಟೆಯಾಗಿ ಕ್ಷಮೆ ಕೇಳಿದ್ದು ನೆನಪಿರಬಹುದು. ಅವರು ತಮಾಷೆಗೆ ಅಂದಿದ್ದು, ಮಾತು ಅವರು ಹುಟ್ಟುಹಾಕಿದ್ದೂ ಅಲ್ಲ. ಆದರೆ ಎರಡರಲ್ಲೂ ಇರೋ ಲೆಕ್ಕ ಒಂದೇ: ಅಗ್ಗದ ಟಿಕೆಟ್ಟಿನವನಿಗೆ ನಡತೆ ಇರಲ್ಲ, ದುಬಾರಿ ಟಿಕೆಟ್ಟಿನವನಿಗೆ ಇರುತ್ತೆ.

ಇದು ಶುದ್ಧ ಸುಳ್ಳು. ಹೇಗೆ ಅಂತ ತೋರಿಸೋಕೆ ಮೊದಲು ಬಸ್ಸನ್ನೇ ತಗೊಳ್ಳೋಣ.

ಬೆಳಿಗ್ಗೆ ಚಾಮರಾಜನಗರದ ಬಸ್ ಸ್ಟ್ಯಾಂಡಿಗೆ ಬನ್ನಿ. ಗುಂಡ್ಲುಪೇಟೆ ಬಸ್ ಒಳಗೆ ತಿರುಗೋ ಮುಂಚೆಯೇ ಜನ ಅದರ ಜೊತೆ ಓಡ್ತಾರೆ. ಕಿಟಕಿಯಿಂದ ಟವೆಲ್ಲು, ಕೈಚೀಲ, ಟೋಪಿ, ಒಮ್ಮೊಮ್ಮೆ ಮಗುವೂ ಒಳಗೆ ಹೋಗುತ್ತೆ. ನೋಡೋರಿಗೆ ಇದು ಅನಾಗರಿಕತೆ. ಆದರೆ ಒಂದು ವಿಷಯ ಗಮನಿಸಿದ್ದೀರಾ? ಟವೆಲ್ ಹಾಕಿದ ಸೀಟಲ್ಲಿ ಬೇರೆಯವರು ಕೂರಲ್ಲ. ಅದಕ್ಕೆ ಬೋರ್ಡಿಂಗ್ ಪಾಸಿಲ್ಲ, ನಂಬರಿಲ್ಲ, ಪೊಲೀಸಿಲ್ಲ. ಬಾಗಿಲಲ್ಲಿ ನುಗ್ಗಾಡಿಕೊಂಡು ಬಂದವನು ಟವೆಲ್ ನೋಡಿ "ಯಾರೋ ಹಾಕವ್ರೆ" ಅಂತ ಮುಂದಕ್ಕೆ ಹೋಗ್ತಾನೆ. ಇನ್ನೊಬ್ಬನ ಐವತ್ತು ರೂಪಾಯಿ ಟವೆಲ್ಲಿಗೆ ಕೊಡೋ ಮರ್ಯಾದೆ ಅದು. ಯಾವನಾದ್ರೂ ಎತ್ತಿ ಪಕ್ಕಕ್ಕೆ ಹಾಕಿದ್ರೆ ಇಡೀ ಬಸ್ಸೇ ನ್ಯಾಯ ಹೇಳುತ್ತೆ.

ಬಸ್ ತುಂಬಿತು ಅನ್ಕೊಳ್ಳಿ. ಕೂತವರು ನಿಂತವರ ಚೀಲ ಇಸ್ಕೊಂಡು ತೊಡೆ ಮೇಲೆ ಇಟ್ಕೋತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ. ಕಾಲೇಜು ಹುಡುಗಿಯ ಬ್ಯಾಗು, ಊಟದ ಡಬ್ಬಿ, ಕಂಕುಳ ಕೂಸು, ಎಲ್ಲಾ ಗುರುತಿಲ್ಲದವರ ತೊಡೆ ಮೇಲೆ. "ವಸಿ ಸರ್ಕಳವ್ವ" ಅಂದ್ರೆ ಮೂರು ಜನರ ಸೀಟಲ್ಲಿ ನಾಲ್ಕನೆಯವರಿಗೆ ಜಾಗ ಆಗುತ್ತೆ. ತೆರಕಣಾಂಬಿಯಲ್ಲಿ ತರಕಾರಿ ಮೂಟೆ ಹತ್ತಿದ್ರೆ ಕಾಲು ಮಡಚಿ ಕೂರ್ತಾರೆ. ಚಿಲ್ಲರೆ ಇಲ್ಲದಿದ್ರೆ ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಡ್ತಾರೆ, ಇಳಿಯುವಾಗ ಒಂದು ನೋಟನ್ನ ಇಬ್ಬರಿಗೆ ಕೊಟ್ಟು "ನೀವಿಬ್ರೂ ಹಂಚ್ಕಳಿ" ಅಂತಾರೆ. ಪರಿಚಯವೇ ಇಲ್ಲದ ಇಬ್ಬರು ಅಂಗಡಿ ಮುಂದೆ ನಿಂತು ಹಂಚ್ಕೊಂಡು ಹೋಗ್ತಾರೆ!

ಬಸ್ಸಿನಲ್ಲಿ ಎಲ್ಲಾ ದೇವತೆಗಳೇ ಅಂತ ಹೇಳ್ತಿಲ್ಲ. ಕಿಟಕಿಯಿಂದ ಎಲೆ-ಅಡಿಕೆ ಉಗಿದು ಹಿಂದಿನ ಸೀಟಿನವರ ಮುಖ ತೊಳೆಯೋರಿದ್ದಾರೆ. ಮೊಬೈಲಿನಲ್ಲಿ ಇಡೀ ಬಸ್ಸಿಗೆ ಕೇಳೋ ಹಾಗೆ ರೀಲ್ಸ್ ಹಾಕೋರಿದ್ದಾರೆ. ಮಹಿಳೆಯರ ಸೀಟಲ್ಲಿ ಕೂತು ನಿದ್ದೆ ಬಂದ ಹಾಗೆ ನಟಿಸೋ ಗಂಡಸರಿದ್ದಾರೆ. ಎಲ್ಲಕ್ಕಿಂತ ಕೆಟ್ಟದ್ದು, ರಶ್ಶಿನಲ್ಲಿ ಹುಡುಗಿಯರ ಮೈಗೆ ಕೈ ಹಾಕೋ ನೀಚರಿದ್ದಾರೆ. ಇದನ್ನ ಯಾವ ಬಸ್ಸಭಿಮಾನಿಯೂ ಮುಚ್ಚಿಡಬಾರದು. ಆದರೆ ಇವೆಲ್ಲ ಬಸ್ಸಿನ ಪದ್ಧತಿ ಅಲ್ಲ, ಬಸ್ಸಿನಲ್ಲೂ ನಡೆಯೋ ಅನ್ಯಾಯ. ಚೀಲ ತೊಡೆ ಮೇಲೆ ಇಟ್ಕೊಳ್ಳೋದು ಬಸ್ಸಿನ ಪದ್ಧತಿ.

ಈಗ ವಿಮಾನಕ್ಕೆ ಬನ್ನಿ. ಅಲ್ಲಿ ನೂಕಾಟ ಯಾಕೆ ಬೇಕು ಹೇಳಿ? ಸೀಟು ಮೊದಲೇ ಗೊತ್ತು. ಓಡಿ ಟವೆಲ್ ಹಾಕಬೇಕಿಲ್ಲ. ನೀವು ಹತ್ತದೆ ಅದು ಅಷ್ಟು ಸುಲಭಕ್ಕೆ ಹೊರಡೋದೂ ಇಲ್ಲ, ಹೆಸರು ಹಿಡಿದು ಕೂಗಿ ಕೂಗಿ ಕರೀತಾರೆ. ಆದ್ರೂ ಗೇಟ್ ಮುಂದೆ ಅರ್ಧ ಗಂಟೆ ಮುಂಚೆಯಿಂದ ಗುಂಪು. ಮೂರನೇ ಸಾಲಿನವನು ತನ್ನ ಪೆಟ್ಟಿಗೆಯನ್ನ ಇಪ್ಪತ್ತನೇ ಸಾಲಿನ ಗೂಡಿಗೆ ತುರುಕಿ ಹೋಗ್ತಾನೆ. ಮುಂದಿನವನು ಊಟ ಬಂದ ಹೊತ್ತಿಗೇ ಸೀಟನ್ನ ಧಡ್ ಅಂತ ಹಿಂದಕ್ಕೆ ಬಿಡ್ತಾನೆ. ಹಿಂದಿನವರ ಬರಿಗಾಲು ನಿಮ್ಮ ಕೈಯಾಸರೆ ಮೇಲೆ ಬರುತ್ತೆ. ಇದ್ದ ಮೂರು ಟಾಯ್ಲೆಟ್ಟನ್ನ ಮುಂದಿನವರು ಉಪಯೋಗಿಸಬೇಕು ಅನ್ನೋ ಪರಿವೆ ಇರಲ್ಲ. ನೆಟ್ಟಗೆ ನಡೆಯಬಲ್ಲವರು ಸಾಲು ತಪ್ಪಿಸೋಕೆ ವೀಲ್‌ಚೇರ್ ಕೇಳ್ತಾರೆ, ನಿಜವಾಗಿ ಮಂಡಿ ಹಿಡಿದ ಅಜ್ಜಿ ಕಾಯ್ತಾ ಕೂರುತ್ತೆ. ಒಂದು ಲೋಟ ನೀರು ತಡವಾದ್ರೆ ಮಗಳ ವಯಸ್ಸಿನ ಹುಡುಗಿಗೆ "ನಿನ್ನ ಮ್ಯಾನೇಜರ್ ಕರಿ!"

ಇದನ್ನೆಲ್ಲ ಮಾಡೋರು ಯಾರು? ಮೊದಲ ಸಲ ಹತ್ತಿದವರಾ? ಅವರು ಹೆದರಿ ಮುದುರಿಕೊಂಡು ಕೂತಿರ್ತಾರೆ ಕಣ್ರೀ. ಎಲ್ಲಿ ಏನು ತಪ್ಪು ಮಾಡಿಬಿಡ್ತೀವೋ ಅಂತ ಟಾಯ್ಲೆಟ್ಟಿಗೂ ಏಳಲ್ಲ. ನಮ್ಮವ್ವ ಏಳಲಿಲ್ಲ.

ದೊಡ್ಡ ಸುದ್ದಿಯಾದ ಪ್ರಕರಣಗಳನ್ನೇ ನೋಡಿ. 2017ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಸಂಸದರೊಬ್ಬರು ಪುಣೆಯಿಂದ ದೆಹಲಿಗೆ ಬಂದ ಮೇಲೆ ಏರ್ ಇಂಡಿಯಾ ಸಿಬ್ಬಂದಿಗೆ ಚಪ್ಪಲಿಯಲ್ಲಿ ಹೊಡೆದರು. ಹೊಡೆದೆ ಅಂತ ಕ್ಯಾಮೆರಾ ಮುಂದೆ ತಾವೇ ಹೇಳಿಕೊಂಡರು. ಸಿಟ್ಟಿಗೆ ಕಾರಣ? ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದೂ ಎಕಾನಮಿಯಲ್ಲಿ ಕೂರಬೇಕಾಯ್ತು. ಆ ವಿಮಾನದಲ್ಲಿ ಬಿಸಿನೆಸ್ ಕ್ಲಾಸೇ ಇರಲಿಲ್ಲ! 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ದೆಹಲಿಗೆ ಬರ್ತಿದ್ದ ವಿಮಾನದಲ್ಲಿ ಕುಡಿದ ಗಂಡಸೊಬ್ಬ ವಯಸ್ಸಾದ ಸಹಪ್ರಯಾಣಿಕರ ಮೇಲೆ ಮೂತ್ರ ಮಾಡಿದ ಅನ್ನೋ ದೂರು ಬಂತು, 2023ರ ಜನವರಿಯಲ್ಲಿ ಅವನ ಬಂಧನವಾಯ್ತು. ಅದು ನಡೆದಿದ್ದೂ ಬಿಸಿನೆಸ್ ಕ್ಲಾಸಿನಲ್ಲಿ. 2024ರ ಜನವರಿಯಲ್ಲಿ ದೆಹಲಿಯ ಮಂಜಿನಿಂದ ಗೋವಾ ವಿಮಾನ ಗಂಟೆಗಟ್ಟಲೆ ತಡವಾದಾಗ, ಅದನ್ನ ತಿಳಿಸ್ತಾ ನಿಂತಿದ್ದ ಪೈಲಟ್‌ಗೆ ಪ್ರಯಾಣಿಕನೊಬ್ಬ ಓಡಿ ಬಂದು ಹೊಡೆದ. ಮಂಜು ಬಿದ್ದಿದ್ದಕ್ಕೆ ಪೈಲಟ್‌ಗೆ ಏಟು! ನಮ್ಮ ಬಸ್ಸಿಗೆ ಆನೆ ಅಡ್ಡ ಬಂದ್ರೆ ಡ್ರೈವರಿಗೆ ಯಾರೂ ಹೊಡೆಯಲ್ಲ.

ಆ ಚಪ್ಪಲಿ ಪ್ರಕರಣ ಆದ ವರ್ಷವೇ ಡಿಜಿಸಿಎ ನಿಯಮ ಮಾಡಿತು. ಬಾಯಿ ಮಾತಿನ ರಂಪಕ್ಕೆ 3 ತಿಂಗಳವರೆಗೆ, ಕೈ ಮಾಡಿದರೆ 6 ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಕನಿಷ್ಠ 2 ವರ್ಷ ವಿಮಾನ ಹತ್ತೋ ಹಾಗಿಲ್ಲ ಅಂತ. 2025ರಲ್ಲಿ ಟರ್ಕಿಯವರು ಇನ್ನೂ ಮುಂದಕ್ಕೆ ಹೋಗಿ, ವಿಮಾನ ನಿಂತು ದೀಪ ಆರೋ ಮುಂಚೆ ಎದ್ದು ನಿಲ್ಲೋರಿಗೂ ದಂಡ ಅಂದ್ರು. ಅಂದ್ರೆ ಇದು ಬರೀ ನಮ್ಮ ದೇಶದ ರೋಗವೂ ಅಲ್ಲ, ನಮ್ಮ ಹಳ್ಳಿಯ ರೋಗವಂತೂ ಅಲ್ಲವೇ ಅಲ್ಲ.

ಹಾಗಾದ್ರೆ ರೋಗ ಯಾವುದು? ನನಗನ್ನಿಸೋದು ಇಷ್ಟು. ಬಸ್ಸಿನಲ್ಲಿ ಪಕ್ಕ ಕೂತವನು ನಾಳೆಯೂ ಸಿಗ್ತಾನೆ. ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ತಾಲೂಕು ಆಫೀಸಿನ ಸಾಲಿನಲ್ಲಿ. ಅವನ ಕಾಲು ತುಳಿದು "ಏನೀಗ" ಅಂದ್ರೆ ಸಂಜೆಗೆ ನಮ್ಮ ಮಾವನಿಗೆ ಸುದ್ದಿ ಮುಟ್ಟಿರುತ್ತೆ. ಅಲ್ಲದೆ ಕಂಡಕ್ಟರ್ ಯಾರಿಗೆ ಬೇಕಾದ್ರೂ ಬೈಯಬಲ್ಲ. "ಇಳೀರಿ ಕೆಳಿಕೆ" ಅಂದ್ರೆ ಇಳಿಯಬೇಕು. ವಿಮಾನದಲ್ಲಿ ಪಕ್ಕದವನು ಮತ್ತೆಂದೂ ಸಿಗಲ್ಲ. ಅಲ್ಲಿರೋ ಹುಡುಗಿಗೆ ನಗೋದೇ ಸಂಬಳದ ಕೆಲಸ. ಜೊತೆಗೆ ಜೇಬಲ್ಲಿ ಒಂದು ಮಂತ್ರ: "ದುಡ್ಡು ಕೊಟ್ಟಿದ್ದೀನಿ." ಸೀಟಿಗೆ ಕೊಟ್ಟ ದುಡ್ಡಲ್ಲಿ ಸಿಬ್ಬಂದಿಯ ಮಾನ, ಹಿಂದಿನವನ ಮಂಡಿ, ಪಕ್ಕದ ಅಮ್ಮನ ಮರ್ಯಾದೆ ಎಲ್ಲಾ ಸೇರಿಸಿ ಕೊಂಡುಕೊಂಡಿದ್ದೀನಿ ಅನ್ನೋ ಭ್ರಮೆ.

ಕಂಪನಿಗಳ ತಪ್ಪು ಇಲ್ವಾ ಅಂತ ಕೇಳ್ತೀರಿ. ಇದೆ, ಬೇಕಾದಷ್ಟಿದೆ. ಕಾಲು ಚಾಚೋಕೆ ಜಾಗ ಇಲ್ಲ. ಪೆಟ್ಟಿಗೆಗೆ 15 ಕೆಜಿ, ಕೈಗೆ 7 ಕೆಜಿ ಅಂತ ಕಟ್ಟುನಿಟ್ಟು ಮಾಡಿ, ಮೇಲೆ ಒಂದು ಕೆಜಿಗೂ ದುಡ್ಡು ಕೇಳಿದ್ರೆ ಜನ ಗೂಡಿಗೆ ಕಿತ್ತಾಡದೆ ಇನ್ನೇನು ಮಾಡ್ತಾರೆ? ತಡವಾದ್ರೆ ಸರಿಯಾದ ಕಾರಣ ಹೇಳಲ್ಲ. ಕೋಪ ನ್ಯಾಯವೇ. ಆದರೆ ಆ ಕೋಪವನ್ನ ಕಂಪನಿಯ ಮೇಲೆ ದೂರು ಬರೆದು ತೀರಿಸಿಕೊಳ್ಳೋರು ಎಷ್ಟು ಜನ, ಎದುರಿಗೆ ಸಿಕ್ಕ ಹುಡುಗಿಯ ಮೇಲೆ, ಪಕ್ಕದ ಸೀಟಿನ ಅಮ್ಮನ ಮೇಲೆ ತೀರಿಸಿಕೊಳ್ಳೋರು ಎಷ್ಟು ಜನ? ಮೇಲಿನವನಿಗೆ ತಲುಪಲಾಗದ ಸಿಟ್ಟು ಕೆಳಗಿನವನ ಮೇಲೆ ಇಳಿಯುತ್ತೆ.

ಇದೇ ಮಂತ್ರ ಜಪಿಸೋರನ್ನ ನಾವು ಗುಂಡ್ಲುಪೇಟೆಯವರು ನೆಲದ ಮೇಲೂ ದಿನಾ ನೋಡ್ತೀವಿ. ಊಟಿಗೆ, ವಯನಾಡಿಗೆ ಹೋಗೋ ಕಾರುಗಳೆಲ್ಲ ನಮ್ಮೂರ ಮೇಲೇ ತಾನೇ ಹೋಗಬೇಕು? ಮಳೆಗಾಲದಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿದ್ರೆ ಸಾಕು, ಬದುವಿನ ಪಕ್ಕ ಕಾರು ನಿಲ್ಲಿಸಿ ನೇರ ಹೊಲಕ್ಕೆ ನುಗ್ತಾರೆ. ಗಿಡ ತುಳಿದು ಫೋಟೋ. ರೈತ ಬಂದು ಕೇಳಿದ್ರೆ "ಎಷ್ಟಾಯ್ತು ಹೇಳಪ್ಪ, ಕೊಡ್ತೀವಿ." ಈಗ ಕೆಲವು ರೈತರೇ ಬುದ್ಧಿ ಕಲಿತು ಫೋಟೋಗೆ ಇಷ್ಟು ಅಂತ ವಸೂಲಿ ಮಾಡ್ತಾರೆ, ಅದಕ್ಕೆ ಇವರೇ "ಹಳ್ಳಿ ಜನ ಹಾಳಾಗಿದ್ದಾರೆ" ಅಂತಾರೆ! ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಗೇಟು ಮುಚ್ಚಿದ ಮೇಲೆ ಬಂದು ಗಾರ್ಡ್ ಮೇಲೆ ಕೂಗಾಡೋರನ್ನ ನೋಡಬೇಕು ನೀವು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡಲ್ಲ, ಬುಡದಲ್ಲಿ ಕಾರು ನಿಲ್ಲಿಸಿ ಎಲ್ಲರೂ ಸರ್ಕಾರಿ ಬಸ್ಸನ್ನೇ ಹತ್ತಬೇಕು. ವಿಮಾನದವರೂ ಬಸ್ಸಿನವರೂ ಒಂದೇ ಸಾಲಿನಲ್ಲಿ ನಿಲ್ಲೋ ಜಾಗ ಅದು. ಒಂದು ಭಾನುವಾರ ಹೋಗಿ ನಿಂತು ನೋಡಿ. ಸಾಲು ಮುರಿಯೋದು ಯಾರು, ಕೂಸೆತ್ತಿಕೊಂಡವಳಿಗೆ ಸೀಟು ಬಿಡೋದು ಯಾರು ಅಂತ. ನಾನು ನೋಡಿದ್ದೀನಿ. ಉತ್ತರ ಹೇಳಲ್ಲ, ನೀವೇ ನೋಡಿ ಬನ್ನಿ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ ಅಂದಾಗಲೂ ಇದೇ ನಗು ಕೇಳಿದ್ವಿ. ಸೀಟಿಗೆ ಜಗಳ ಆಡೋ ಹೆಂಗಸರ ವಿಡಿಯೋ ಮೊಬೈಲಿಂದ ಮೊಬೈಲಿಗೆ ಹಾರಿತು. ಯೋಜನೆ ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಆದರೆ ಜೀವಮಾನದಲ್ಲಿ ಮೊದಲ ಸಲ ಯಾರನ್ನೂ ದುಡ್ಡು ಕೇಳದೆ ಧರ್ಮಸ್ಥಳ ನೋಡಿ ಬಂದ ಹೆಂಗಸು ನಗುವಿನ ವಸ್ತುವಾದಳು. ಅದೇ ನಗು ವಿಮಾನದಲ್ಲಿ ನಮ್ಮವ್ವನ ಪಕ್ಕ ಕೂತಿತ್ತು. ಹೊಸದಾಗಿ ಒಳಗೆ ಬಂದವರನ್ನ ಕಂಡು, ಮೊದಲೇ ಕೂತವರು ನಗೋ ನಗು.

"ಹೋಗ್ಲಿ ಬಿಡಪ್ಪ, ಎರಡು ನಿಮಿಷ ಮುಂಚೆ ಎದ್ದು ನಿಂತ್ರೆ ಏನು ಪ್ರಪಂಚ ಮುಳುಗುತ್ತೆ?" ಅನ್ನಬಹುದು. ಮುಳುಗುತ್ತೆ, ಕೆಲವೊಮ್ಮೆ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ವಿಮಾನ ದುಬೈನಲ್ಲಿ ಹೊಟ್ಟೆ ಮೇಲೆ ಜಾರಿ ಬೆಂಕಿ ಹತ್ತಿತು. ಒಳಗೆ 300 ಜನ. ಒಳಗಡೆ ಹೊಗೆ, ಸಿಬ್ಬಂದಿ "ಬ್ಯಾಗು ಬಿಟ್ಟು ಹಾರಿ" ಅಂತ ಕೂಗ್ತಿದ್ದಾರೆ, ಪ್ರಯಾಣಿಕರು ಮೇಲಿನ ಗೂಡಿಂದ ಪೆಟ್ಟಿಗೆ ಇಳಿಸ್ತಿದ್ದಾರೆ. ಆ ವಿಡಿಯೋ ಇಡೀ ಜಗತ್ತು ನೋಡಿತು. ಪುಣ್ಯಕ್ಕೆ 300 ಜನರೂ ಬದುಕಿದರು. ಅವರಿಳಿದ ಸ್ವಲ್ಪ ಹೊತ್ತಿಗೆ ವಿಮಾನ ಸಿಡಿದು, ಬೆಂಕಿ ಆರಿಸ್ತಿದ್ದ ಒಬ್ಬ ಯುವಕ ಸತ್ತ. ಇನ್ನೊಂದು, 2024ರ ಜನವರಿ 2, ಟೋಕಿಯೋದ ಹನೇಡಾ. ಇಳಿಯುವಾಗ ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ಇಡೀ ವಿಮಾನ ಹೊತ್ತಿ ಉರಿಯಿತು. ಡಿಕ್ಕಿಯಾದ ಸಣ್ಣ ವಿಮಾನದಲ್ಲಿ ಐದು ಜನ ಸತ್ತರು. ದೊಡ್ಡ ವಿಮಾನದಲ್ಲಿದ್ದ 379 ಜನರೂ ಜೀವಂತ ಇಳಿದರು. ಎಂಟು ಬಾಗಿಲಲ್ಲಿ ಉಪಯೋಗಕ್ಕೆ ಬಂದಿದ್ದು ಮೂರೇ. ಹೇಗೆ ಸಾಧ್ಯವಾಯ್ತು? ಸಿಬ್ಬಂದಿಯ ತರಬೇತಿ ದೊಡ್ಡದು. ಅದರ ಜೊತೆಗೆ, ಹೇಳೋವರೆಗೂ ಕೂತಿದ್ದರು, ಹೇಳಿದಾಗ ಎದ್ದರು, ಬ್ಯಾಗು ಬಿಟ್ಟು ಬಂದರು.

ಹೇಳೋವರೆಗೂ ಕೂತಿರೋದು. ನಮ್ಮವ್ವ ಮಾಡ್ತಿದ್ದಿದ್ದು ಅದನ್ನೇ ಅಲ್ವಾ? ಅಷ್ಟು ದೊಡ್ಡ ವಿಮಾನದಲ್ಲಿ ನಿಯಮ ಅರ್ಥ ಮಾಡ್ಕೊಂಡು ಪಾಲಿಸಿದ ಒಬ್ಬಳನ್ನ, ನಿಯಮ ಓದೋಕೆ ಬರೋ ನಾವೆಲ್ಲ ಸೇರಿ ಎಬ್ಬಿಸಿ ನಿಲ್ಲಿಸಿದ್ವಿ. ಅದಕ್ಕೆ ನಾನೇ ಬೆಲ್ಟು ಬಿಚ್ಚಿದೆ.

ಅದಕ್ಕೇ ಗೆಳೆಯರೇ, ಬರೆಯೋರಿಗೆ ನನ್ನದೊಂದು ಜಗಳದ ಕೋರಿಕೆ. ಮೊದಲ ಸಲ ವಿಮಾನ ಹತ್ತಿದವರ ಬಗ್ಗೆ ನಗೆಬರಹ ಸಾಕು ಮಾಡೋಣ. ಗೊತ್ತಿಲ್ಲದೆ ಮಾಡೋದು ತಪ್ಪಲ್ಲ, ಗೊತ್ತಾಗೋಕೆ ಎರಡು ಸಲ ಬೇಕು ಅಷ್ಟೆ. ನಾವೂ ಮೊದಲ ಸಲ ಬೆಲ್ಟ್ ಎಲ್ಲಿ ಸಿಕ್ಕಿಸೋದು ಅಂತ ಓರೆಗಣ್ಣಲ್ಲಿ ಪಕ್ಕದವನ್ನ ನೋಡಿದವರೇ. ಬರೆಯಲೇಬೇಕು ಅಂದ್ರೆ ಗೊತ್ತಿದ್ದೂ ಮಾಡೋರ ಬಗ್ಗೆ ಬರೆಯಿರಿ. ನೂರನೇ ಸಲ ಹಾರೋ ಸಾಹೇಬರ ಬಗ್ಗೆ. ಇನ್ನು ಯಾರಾದ್ರೂ "ಇದೇನು ಬಸ್ಸಾ?" ಅಂದ್ರೆ "ಬಸ್ಸಾಗಿದ್ರೆ ನಿಮ್ಮ ಚೀಲ ಇವರೇ ಇಟ್ಕೊಳ್ತಿದ್ರು" ಅಂತ ಹೇಳಿ. ನಾನು ಅವತ್ತು ಹೇಳಲಿಲ್ಲ. ಈ ಮಾತು ಹೊಳೆದಿದ್ದೇ ರಾತ್ರಿ ಹನ್ನೊಂದಕ್ಕೆ, ತಂಗಿ ಮನೆಯ ಚಾಪೆ ಮೇಲೆ.

ವಾಪಸ್ ಬರುವಾಗ ಅವ್ವ ವಿಮಾನ ಬೇಡ ಅಂದಳು. "ರೈಲಲ್ಲೇ ಹೋಗನ ಕನಪ್ಪ, ನಿಂಗೂ ದುಡ್ಡು ಉಳೀತದೆ" ಅಂದಳು. ದುಡ್ಡಿನ ವಿಷಯ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಎರಡು ರಾತ್ರಿ ರೈಲಲ್ಲಿ ಬಂದು, ಮೈಸೂರಿಂದ ಚಾಮರಾಜನಗರಕ್ಕೆ ಇನ್ನೊಂದು ರೈಲು, ಅಲ್ಲಿಂದ ಗುಂಡ್ಲುಪೇಟೆ ಬಸ್. ಬಸ್ ತುಂಬಿತ್ತು. ನನಗೆ ಸೀಟಿಲ್ಲ, ಅವ್ವನಿಗೆ ಯಾರೋ ಸರಿದು ಜಾಗ ಕೊಟ್ರು. ಕೂತ ತಕ್ಷಣ ಅವಳು ನಿಂತಿದ್ದ ಹುಡುಗಿಯ ಕಾಲೇಜು ಬ್ಯಾಗು ಇಸ್ಕೊಂಡು ತೊಡೆ ಮೇಲೆ ಇಟ್ಕೊಂಡಳು. ಆಮೇಲೆ ನನ್ನ ಬ್ಯಾಗಿಗೂ ಕೈ ಚಾಚಿದಳು.

"ಕೊಡು ಮಗ ಇತ್ಲಾಗಿ. ಎಷ್ಟೊತ್ತು ಹೊತ್ಕಂಡು ನಿಂತಿರ್ತೀಯೆ?"

ಕೊಟ್ಟೆ. ಅದೇ ಬ್ಯಾಗು.

ಕ್ಷಮೆ ಅಂತ ಬಾಯಿಬಿಟ್ಟು ಇನ್ನೂ ಕೇಳಿಲ್ಲ. ನಮ್ಮ ಕಡೆ ತಾಯಿ-ಮಕ್ಕಳ ನಡುವೆ ಆ ಪದ ಓಡಾಡಲ್ಲ ನೋಡಿ. ಮಗು ನೋಡೋಕೆ ಬೇಸಿಗೆಗೆ ಮತ್ತೆ ಹೋಗಬೇಕು. ಈ ಸಲ ದುಡ್ಡು ಕೊಟ್ಟು ಅಕ್ಕಪಕ್ಕದ ಸೀಟು ತಗೋತೀನಿ, ದೀಪ ಆರೋವರೆಗೂ ಇಬ್ಬರೂ ಕೂತಿರ್ತೀವಿ, ಹಿಂದಿನವರು ಏನಾದ್ರೂ ಅಂದ್ಕೊಳ್ಳಲಿ ಅಂತ ನಿರ್ಧಾರ ಮಾಡಿದ್ದೀನಿ. ಅವ್ವನನ್ನ ಒಪ್ಪಿಸೋದೊಂದು ಬಾಕಿ.

ನಿಮಗೇನನ್ನಿಸುತ್ತೆ? ನಾನು ಹೇಳಿದ್ದು ಅತಿಯಾಯ್ತು ಅನ್ನಿಸಿದ್ರೆ ಬೈಯಿರಿ, ಪರವಾಗಿಲ್ಲ. ಆದರೆ ಮುಂದಿನ ಸಲ ವಿಮಾನ ಇಳಿದಾಗ ಟಕ್ ಅಂತ ಬೆಲ್ಟು ಬಿಚ್ಚೋ ಮುಂಚೆ ಒಂದ್ಸಲ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡಿ.